ಬಾಟಲಿಯ ಮೂತಿ

ಮಾರ್ಚ್ 3, ಸೋಮವಾರ

ಬಿಪಿ ನೋಡುವ ಡಾಕ್ಟರ್ ಹೇಳಿದ್ದಾನೆ, ಸಿಟ್ಟು ಬಂದಾಗ ಕೂಗಾಡಬೇಡಿ, ಒಂದು ಕಡೆ ಬರೆದುಬಿಡಿ, ಅರ್ಧ ಇಳಿಯುತ್ತದೆ ಎಂದು. ಆಯಿಲ್ ಕಂಪನಿಯವರು ಕೊಟ್ಟ ಡೈರಿಯೊಂದು ಗ್ಯಾರೇಜಿನ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಸರಿ, ಬರೆಯುತ್ತೇನೆ. ಇಳಿಯದಿದ್ದರೆ ಆ ಡಾಕ್ಟರನ್ನೇ ಹೋಗಿ ವಿಚಾರಿಸಿಕೊಳ್ಳುತ್ತೇನೆ.

ಇವತ್ತು ಸಂಜೆ ಭಾವ ಮತ್ತೆ ಬಂದಿದ್ದ. ಮನೆ ಮುಂದೆ ಆ ಕಪ್ಪು ಕಾರು ನಿಲ್ಲಿಸಿ, ಒಳಗೇ ಕೂತು, ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ತರಕಾರಿ ಹೆಚ್ಚುತ್ತಿದ್ದ ಅಕ್ಕ ಚಾಕು ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು. ಅವಳು ನಮ್ಮ ಮನೆಗೆ ಬಂದ ದಿನ ದವಡೆ ಊದಿ ಮುಖವೇ ಒಂದು ಕಡೆ ಜರುಗಿದಂತಿತ್ತು. ಮಾರನೆಯ ದಿನ ಆ ಮಹಾನುಭಾವ ನನಗೇ ಫೋನ್ ಮಾಡಿ, "ಏನೋ ಸಿಟ್ಟಲ್ಲಿ ಕೈ ಹೋಯ್ತು ಕಣಯ್ಯಾ, ದೊಡ್ಡದು ಮಾಡ್ಬೇಡ" ಎಂದಿದ್ದ. ಕೈ ಹೋಯಿತಂತೆ! ಕೈಗೇನು ಕಾಲಿದೆಯೇ, ತಾನಾಗಿ ಹೋಗುವುದಕ್ಕೆ?

ಹೊರಗೆ ಹೋದವನೇ ಕಾರಿನ ಬಾಗಿಲಿಗೆ ಒದ್ದೆ. ಕಾರಿಗೆ ಒದ್ದರೆ ಅವನಿಗೆ ಜೀವಕ್ಕೇ ಒದ್ದ ಹಾಗೆ. ಇಳಿದು ಬಂದ. ನಾನು ಅವನ ಕಾಲರ್ ಹಿಡಿದೆ, ಅವನು ನನ್ನದು ಹಿಡಿದ. ನನ್ನ ಅಂಗಿಯ ಗುಂಡಿಗಳು ಚರಂಡಿ ಸೇರಿದವು, ಅವನ ತುಟಿ ಒಡೆಯಿತು. ಅಕ್ಕಪಕ್ಕದವರು ಬಂದು ಬಿಡಿಸಿದರು. ರಕ್ತ ಒರೆಸಿಕೊಳ್ಳುತ್ತಾ ಅವನು ಎಲ್ಲರ ಎದುರಿಗೇ ಹೇಳಿದ: "ಕೈಯಲ್ಲೇನು ತೋರಿಸ್ತೀಯ? ಗಾಡಿಯಲ್ಲಿ ತೋರ್ಸು. ಹೊಸ ರಿಂಗ್ ರೋಡು, ಸೇತುವೆಯಿಂದ ಟೋಲ್ ಗೇಟ್‌ವರೆಗೆ. ನೀನು ಗೆದ್ರೆ ವಿಚ್ಛೇದನಕ್ಕೆ ಸೈನ್ ಹಾಕ್ತೀನಿ, ಮತ್ತೆ ಈ ಕಡೆ ತಲೆ ಹಾಕಲ್ಲ. ನಾನು ಗೆದ್ರೆ ಅವಳು ಬಾಯ್ಮುಚ್ಕೊಂಡು ಬಂದು ಈ ಕಾರು ಹತ್ಬೇಕು."

"ಆಯ್ತು," ಎಂದೆ.

"ಈ ತಿಂಗಳ ಕೊನೇ ಭಾನುವಾರ, ಬೆಳಿಗ್ಗೆ," ಎಂದು ಹೇಳಿ ಹೋದ. ಬೀದಿಯೆಲ್ಲ ಕೇಳಿಸಿಕೊಂಡಿದೆ. ಇನ್ನು ಹಿಂದೆ ಸರಿಯುವ ಮಾತಿಲ್ಲ.

ಮಾರ್ಚ್ 4, ಮಂಗಳವಾರ

ಅಕ್ಕನಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಮೈಮೇಲೇ ಬಂದಳು.

"ನನ್ನನ್ನ ಪಣಕ್ಕಿಟ್ಟು ಬಂದ್ಯೇನೋ? ನಾನೇನು ನಿಮ್ಮಿಬ್ಬರ ಗಾಡಿಗೆ ಹಾಕೋ ಟೈರಾ?"

"ನಿನಗೋಸ್ಕರ ತಾನೇ ಅಕ್ಕಾ."

"ನನಗೋಸ್ಕರ ಅಂದ್ಮೇಲೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು. ನೀನು ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ, ನಾನು ಅವನ ಜೊತೆ ಹೋಗಲ್ಲ. ವಕೀಲರನ್ನ ನೋಡಿದ್ದೀನಿ. ನನ್ನ ದಾರಿ ನಾನು ನೋಡ್ಕೋತೀನಿ."

ವಕೀಲರಂತೆ. ಅವರು ಕಾಗದ ತಿರುವುತ್ತಾ ಕೂತರೆ ಇವಳ ತಲೆ ನರೆತುಹೋಗುತ್ತದೆ. ಇವಳಿಗೇನು ಗೊತ್ತು, ಅಂಥವನಿಗೆ ಅವನ ಭಾಷೆಯಲ್ಲೇ ಉತ್ತರ ಕೊಡಬೇಕು. ಮೇಜಿಗೆ ಗುದ್ದಿದೆ. ನೀರಿನ ಲೋಟ ಬಿದ್ದಿತು. ನನ್ನ ಹೆಂಡತಿ ಬಟ್ಟೆ ತಂದು ಒರೆಸಿದಳು. ಅವಳು ಜಾಣೆ, ಯಾವಾಗ ಸುಮ್ಮನಿರಬೇಕೆಂದು ಅವಳಿಗೆ ಗೊತ್ತು.

ಮಾರ್ಚ್ 8, ಶನಿವಾರ

ಭಾವನ ಕಾರಿನಲ್ಲಿ ಟರ್ಬೊ ಇದೆ. ನನ್ನ ಹಳೇ ಬಿಳಿ ಕಾರಿನ ಇಂಜಿನ್ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ನೇರ ರಸ್ತೆಯಲ್ಲಿ ಅದರ ಹಿಂದೆಯೇ. ದಾರಿ ಒಂದೇ, ನೈಟ್ರಸ್. ಕಿಟ್ ಇವತ್ತು ಬಂತು. ಪೆಟ್ಟಿಗೆ ತೆಗೆದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಉದ್ದನೆಯ ನೀಲಿ ಬಾಟಲಿ, ಎತ್ತಿದರೆ ಮಗುವಿನಷ್ಟು ಭಾರ. ಉಕ್ಕಿನ ಹೆಣಿಗೆಯ ಪೈಪು, ಕರೆಂಟು ಕೊಟ್ಟರೆ ತೆರೆಯುವ ಎರಡು ಸೊಲೆನಾಯ್ಡ್ ವಾಲ್ವು, ಒಂದು ನಾಜಲ್ಲು, ಸಣ್ಣ ಡಬ್ಬಿಯಲ್ಲಿ ಸಾಸಿವೆ ಕಾಳಿನಷ್ಟು ತೂತಿರುವ ಹಿತ್ತಾಳೆ ಜೆಟ್ಟುಗಳು.

ಹೆಂಡತಿ ಊಟದ ಡಬ್ಬಿ ತಂದವಳು ಏನಿದು ಎಂದಳು. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಚೀಟಿ ಪೂರ್ತಿ ಓದದೆ ಒಂದು ಮಾತ್ರೆ ಕೈಯಿಂದ ಬಿಡುವವಳಲ್ಲ. ಅವಳಿಗೆ ತಿಳಿಯುವಂತೆ ಹೇಳಿದೆ: "ಇಂಜಿನ್ ಉಸಿರಾಡೋ ಗಾಳಿಗೆ ಇದನ್ನ ಸೇರ್ಸಿದ್ರೆ ಪೆಟ್ರೋಲ್ ಜಾಸ್ತಿ ಉರಿಯತ್ತೆ, ಗಾಡಿ ಹುಚ್ಚು ಹಿಡಿದ ಹಾಗೆ ಓಡತ್ತೆ. ಇದು ಎಷ್ಟು ಹೋಗತ್ತೋ ಅದಕ್ಕೆ ಸರಿಯಾಗಿ ಪೆಟ್ರೋಲೂ ಹೋಗ್ಬೇಕು. ಪೆಟ್ರೋಲ್ ಜಾಸ್ತಿಯಾದ್ರೆ ಕಪ್ಪು ಹೊಗೆ ಬಂದು ಗಾಡಿ ಕೆಮ್ಮತ್ತೆ. ಕಡಿಮೆಯಾದ್ರೆ ಪಿಸ್ಟನ್ನೇ ಕರಗಿಹೋಗತ್ತೆ."

"ಅಷ್ಟು ಅಪಾಯ ಇದ್ರೆ ಯಾಕ್ರೀ?" ಎಂದಳು.

ಬಾಟಲಿಯನ್ನು ಡಿಕ್ಕಿಯಲ್ಲಿ ಅಡ್ಡ ಮಲಗಿಸಿ ಎರಡು ಪಟ್ಟಿ ಬಿಗಿದೆ. ಮೂತಿ ಹಿಂದಕ್ಕೆ, ಬಾಗಿಲ ಕಡೆಗೆ. ಡಿಕ್ಕಿ ತೆರೆದ ಕೂಡಲೇ ವಾಲ್ವ್ ಕೈಗೆ ಸಿಗಬೇಕಲ್ಲ. ಪೈಪನ್ನು ಗಾಡಿಯ ತಳದಲ್ಲಿ ಸೈಲೆನ್ಸರಿನ ಶಾಖ ತಾಗದ ಹಾಗೆ ಹಾಯಿಸಿದೆ. ಒಂದೊಂದು ಕ್ಲಿಪ್ ಹಾಕುವಾಗಲೂ ಭಾವನ ಬೆರಳುಗಳನ್ನು ಒಂದೊಂದಾಗಿ ಮುರಿಯುತ್ತಿದ್ದೇನೆ ಅಂದುಕೊಂಡೆ. ಕೆಲಸ ಬೇಗ ಮುಗಿಯಿತು.

ಮಾರ್ಚ್ 12, ಬುಧವಾರ

ಇವತ್ತು ತಂತಿ ಬಂದಿದ್ದ. ಗಾಡಿಗಳ ವೈರಿಂಗ್ ಮಾಡುವವನು, ಕಡ್ಡಿಯಂತೆ ಸಣಕಲು, ಅದಕ್ಕೇ ಆ ಹೆಸರು. ಗ್ಯಾರೇಜ್ ತೆರೆದ ದಿನದಿಂದ ನನ್ನ ಜೊತೆ ಇದ್ದಾನೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಒತ್ತುವ ಹಾಗೆ ಒಂದು ಸ್ವಿಚ್ಚು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಮುಚ್ಚಳದ ಇನ್ನೊಂದು. ಎರಡೂ ಸೇರಿದರೆ ಮಾತ್ರ ವಾಲ್ವುಗಳು ಟಕ್ ಎಂದು ತೆರೆಯುತ್ತವೆ.

"ಪೈಲಟ್ ಆಗ್ಬಿಟ್ಟೆ ಕಣೋ. ಇನ್ನು ರೆಕ್ಕೆ ಒಂದು ಬಾಕಿ," ಎಂದ ತಂತಿ.

ಇಬ್ಬರೂ ನಕ್ಕೆವು. ನಗು ಬಂದು ಬಹಳ ದಿನವಾಗಿತ್ತು.

ಮಾರ್ಚ್ 15, ಶನಿವಾರ

ಹಾಳಾದ್ದು. ಹಾಳಾದ್ದು. ಹಾಳಾದ್ದು.

ಖಾಲಿ ರಸ್ತೆಗೆ ಒಯ್ದು ಮೂರನೇ ಗೇರಿನಲ್ಲಿ ಪೂರ್ತಿ ತುಳಿದೆ. ಅರೆಗಳಿಗೆ ಬೆನ್ನಿಗೆ ಒದ್ದ ಹಾಗಾಯಿತು, ಆಮೇಲೆ ಬರೀ ಕೆಮ್ಮು. ಹಿಂದೆ ಹಂಡೆ ಒಲೆಯ ಹಾಗೆ ಕಪ್ಪು ಹೊಗೆ. ಪ್ಲಗ್ ಬಿಚ್ಚಿ ನೋಡಿದರೆ ಮಸಿ. ಪೆಟ್ರೋಲ್ ಹೆಚ್ಚು. ಪೆಟ್ರೋಲಿನ ಜೆಟ್ ತೆಗೆದು ಇನ್ನೂ ಸಣ್ಣ ತೂತಿನದು ಹಾಕಿದೆ. ಮತ್ತೆ ಕೆಮ್ಮು. ನನ್ನ ಗಾಡಿಯ ಬಾಗಿಲಿಗೆ ನಾನೇ ಒದ್ದೆ, ತಗ್ಗು ಬಿತ್ತು.

ಮನೆಗೆ ಬಂದು ಚಹಾ ಕುಡಿಯುತ್ತಿದ್ದೆ. ಹೆಂಡತಿ ಮೆಲ್ಲಗೆ, "ರೀ, ಬಾಟ್ಲಿ ಮೇಲೆ ಮೂತಿ ಕಡೆ ತೋರ್ಸೋ ಒಂದು ಬಾಣದ ಗುರುತಿದೆ. 'ಗಾಡಿಯ ಮುಂಭಾಗಕ್ಕೆ' ಅಂತ ಬರೆದಿದೆ. ನೀವು ಮೂತಿ ಹಿಂದಕ್ಕೆ ಮಾಡಿದ್ದೀರಲ್ಲ?" ಎಂದಳು.

ಇಷ್ಟು ವರ್ಷ ಇಂಜಿನ್ ಹೊಟ್ಟೆಯಲ್ಲಿ ಕೈ ಇಟ್ಟು ಬದುಕಿದವನಿಗೆ ಮಾತ್ರೆ ಮಾರುವವಳು ಪಾಠ ಹೇಳುತ್ತಾಳೆ. "ಆ ಗುರುತು ಲಾರಿಯಲ್ಲಿ ಸಾಗಿಸೋರಿಗೆ ಕಣೇ!" ಎಂದು ಕಪ್ಪು ಬೀಸಿ ಎಸೆದೆ. ಅವಳ ಮೇಲಲ್ಲ, ಗೋಡೆಯ ಮೇಲೆ. ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಅವಳು ನಿಂತಿದ್ದಲ್ಲಿಂದ ಒಂದು ಮಾರು ದೂರ.

ಮಾರ್ಚ್ 16, ಭಾನುವಾರ

ಅವಳ ಪಾದಕ್ಕೆ ಕಪ್ಪಿನ ಚೂರು ಚುಚ್ಚಿದೆಯಂತೆ. ಚಪ್ಪಲಿ ಹಾಕಿಕೊಂಡು ಓಡಾಡಬೇಕಪ್ಪ.

ಮಾರ್ಚ್ 20, ಗುರುವಾರ

ಇವತ್ತು ಬಾಂಬು ಬಿದ್ದ ಹಾಗಾಯಿತು. ಗ್ಯಾರೇಜಿನಲ್ಲಿ ನಿಂತ ಗಾಡಿಯ ಇಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ತುಳಿದೆ. ಒಳಗೆ ತುಂಬಿಕೊಂಡಿದ್ದ ಪೆಟ್ರೋಲಿಗೆ ಹಿಂದಿನಿಂದ ಕಿಡಿ ತಾಗಿ ಡಮ್ ಎಂದು ಏರ್ ಫಿಲ್ಟರಿನ ಡಬ್ಬ ಚೂರುಚೂರಾಯಿತು. ಬಾನೆಟ್ ಎಗರಿ ಬಿತ್ತು. ಪಕ್ಕದಲ್ಲಿ ಬಗ್ಗಿದ್ದ ತಂತಿಯ ಹುಬ್ಬು ಸುಟ್ಟಿತು. ಕಿವಿ ಇನ್ನೂ ಗುಂಯ್ ಎನ್ನುತ್ತಿದೆ.

ಅವನು ಮುಖ ಒರೆಸಿಕೊಂಡು, "ಸುಮ್ನೆ ಪೆಟ್ರೋಲ್ ಕಡಿಮೆ ಮಾಡ್ತಾ ಹೋಗ್ಬೇಡ ಕಣೋ. ಯಾಕೆ ಜಾಸ್ತಿಯಾಗ್ತಿದೆ ಅಂತ ಮೊದ್ಲು ನೋಡು. ನೈಟ್ರಸ್ಸೇ ಸರಿಯಾಗಿ ಬರ್ತಿಲ್ವೇನೋ," ಎಂದ.

"ನಿನ್ನ ವೈರು ನೀನು ನೋಡ್ಕೋ."

"ನಿನ್ನ ತಲೆ ನೆಟ್ಟಗಿಲ್ಲ. ಆ ಮನುಷ್ಯ ನಿನ್ನ ಮೇಲೆ ಭೂತದ ಹಾಗೆ ಕೂತಿದ್ದಾನೆ."

ತಳ್ಳಿದೆ, ಅಷ್ಟೆ. ಬೆಂಚಿನ ಅಂಚು ಅಲ್ಲಿದ್ದರೆ ಅದು ನನ್ನ ತಪ್ಪೇ? ಹಣೆ ಒಡೆದು ರಕ್ತ ಸುರಿಯಿತು. ತನ್ನ ಇಕ್ಕಳ, ಟೇಪು, ಟೆಸ್ಟರ್ ಎಲ್ಲ ಚೀಲಕ್ಕೆ ತುಂಬಿಕೊಂಡು ಹಣೆಗೆ ಬಟ್ಟೆ ಒತ್ತಿಕೊಂಡು ಹೋದ. ಹೋಗಲಿ. ಕಷ್ಟದಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಈಗ ಗೊತ್ತಾಗುತ್ತಿದೆ.

ಮಾರ್ಚ್ 22, ಶನಿವಾರ

ಮನೆ ಈಗ ಶಾಂತವಾಗಿದೆ. ನಾನು ಬಂದ ಕೂಡಲೇ ಟಿವಿ ಆರಿಸುತ್ತಾರೆ. ತಟ್ಟೆ ಹಾಕುವಾಗ ಸದ್ದಿಲ್ಲ. ಯಾರೂ ಎದುರು ಮಾತಾಡುವುದಿಲ್ಲ. ಹೆಂಡತಿ ಅಕ್ಕನ ಕೋಣೆಯಲ್ಲೇ ಮಲಗುತ್ತಿದ್ದಾಳೆ, ಅಕ್ಕನಿಗೆ ಒಬ್ಬಳೇ ಮಲಗಿದರೆ ಭಯವಂತೆ. ಅವನು ಮಾಡಿದ ಗಾಯ ಅಷ್ಟು ಬೇಗ ಮಾಯುತ್ತದೆಯೇ? ಪಾಪ.

ಬಿಪಿ ಮಾತ್ರ ಏರಿದೆಯಂತೆ. ಡಾಕ್ಟರ್ ಮಾತ್ರೆ ಬದಲಾಯಿಸಿದ್ದಾನೆ, ತಿಂದರೆ ನಿದ್ದೆ ಎಳೆಯುತ್ತದೆ.

ಮಾರ್ಚ್ 26, ಬುಧವಾರ

ದಾರಿಗೆ ಬರುತ್ತಿದೆ! ಪೆಟ್ರೋಲ್ ಜೆಟ್ ಇನ್ನಷ್ಟು ಸಣ್ಣದು ಮಾಡಿದೆ, ಡಬ್ಬಿಯಲ್ಲಿ ಅದಕ್ಕಿಂತ ಸಣ್ಣದಿಲ್ಲ. ಹೊಗೆ ನಿಂತಿತು. ಪ್ಲಗ್ಗಿನ ಮೂತಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿದೆ, ಅಂದರೆ ಪೆಟ್ರೋಲ್ ಹದಕ್ಕೆ ಬಂದಿದೆ. ಗಾಡಿ ಎಳೆಯುತ್ತದೆ. ಇನ್ನೂ ಹುಚ್ಚೆದ್ದು ಎಳೆಯಬೇಕು, ಆದರೂ ಎಳೆಯುತ್ತದೆ. ಭಾವನ ಮುಖ ಕನ್ನಡಿಯಲ್ಲಿ ಚಿಕ್ಕದಾಗುತ್ತಾ ಹೋಗುವುದನ್ನು ಇಡೀ ದಿನ ನೆನೆಸಿಕೊಂಡೆ. ನೆನೆಸಿಕೊಳ್ಳುತ್ತಾ ಒಂದು ನಟ್ಟನ್ನು ಮಿತಿಮೀರಿ ಬಿಗಿದು ಬೋಲ್ಟೇ ಮುರಿಯಿತು.

ಮಾರ್ಚ್ 29, ಶನಿವಾರ

ನಾಳೆ ಓಟ, ಇವತ್ತು ಕೈಕೊಟ್ಟಿತು. ಬೆಳಿಗ್ಗೆ ಕೊನೆಯ ಸಲ ಓಡಿಸಿ ನೋಡಿದೆ. ಎಳೆಯುತ್ತದೆ, ತಡವರಿಸುತ್ತದೆ, ಮತ್ತೆ ಎಳೆಯುತ್ತದೆ. ಹೀಗೆ ಹೋದರೆ ಅವನ ಬೆನ್ನು ನೋಡಿಕೊಂಡೇ ಟೋಲ್ ಗೇಟ್ ಸೇರುತ್ತೇನೆ. ಕಾರನ್ನು ಮನೆ ಪಕ್ಕದ ಶೆಡ್ಡಿಗೆ ತಂದು ಹಾಕಿದೆ.

ಊಟಕ್ಕೆ ಕೂತಾಗ ಅಕ್ಕ ಶುರು ಮಾಡಿದಳು. "ಇನ್ನೂ ತಡವಾಗಿಲ್ಲ. ಹೋಗ್ಬೇಡ ಕಣೋ. ನಾನು ಹೇಗೂ ಹೋಗಲ್ಲ ಅಂದ್ಮೇಲೆ ಯಾರಿಗೋಸ್ಕರ ಓಡಿಸ್ತೀಯ?"

ಯಾರಿಗೋಸ್ಕರ! ತಟ್ಟೆ ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಹೆಂಡತಿ ಎದ್ದು ಹೊರಟಳು. ಅವಳ ಮಣಿಕಟ್ಟು ಹಿಡಿದು ಕೂರಿಸಿದೆ. ನಾನು ಮಾತಾಡುವಾಗ ಎದ್ದು ಹೋಗುವುದೆಂದರೇನು? ಬಳೆ ಒಡೆಯಿತು. "ನಾಳೆ ಸೋತ್ರೆ ನೀವಿಬ್ರೇ ಕಾರಣ. ಮನೆ ತುಂಬ ಅಪಶಕುನ," ಎಂದು ಹೇಳಿ ಮಾತ್ರೆ ನುಂಗಿ ಮಲಗಿದೆ. ಸಂಜೆಯವರೆಗೆ ಎಚ್ಚರವಿಲ್ಲ.

ಎದ್ದಾಗ ಹೆಂಡತಿಯ ಅಂಗೈಯಲ್ಲಿ ಬಿಳಿಯ ಬೊಬ್ಬೆ ಎದ್ದಿತ್ತು. ಒಲೆ ತಾಗಿರಬೇಕು. ಕೇಳಲಿಲ್ಲ. ಕೇಳಿದರೆ ಮತ್ತೊಂದು ರಾಮಾಯಣ.

ಮಾರ್ಚ್ 30, ಭಾನುವಾರ

ಎಲ್ಲವನ್ನೂ ನಡೆದ ಹಾಗೇ ಬರೆಯಬೇಕು, ನಾಳೆ ಯಾರಾದರೂ ತಿರುಚಿ ಹೇಳಿದರೆ ನನಗಾದರೂ ನಿಜ ಗೊತ್ತಿರಬೇಕು.

ಬೆಳಿಗ್ಗೆ ಹೊರಡುವಾಗ ಡಿಕ್ಕಿಯನ್ನು ಅರ್ಧ ಎತ್ತಿ ಕೈ ಹಾಕಿದೆ, ಬಾಟಲಿಯ ವಾಲ್ವ್ ಸಿಗಲಿಲ್ಲ. ಇನ್ನೂ ಒಳಗೆ ತೂರಿಸಿದೆ, ಸಿಕ್ಕಿತು, ತಿರುಗಿಸಿದೆ. ಅವಸರ. ಬಗ್ಗಿ ನೋಡಲಿಲ್ಲ. ಸೇತುವೆ ಹತ್ತಿರ ಭಾವ ಆಗಲೇ ಬಂದಿದ್ದ. "ಅಕ್ಕನ ಬಟ್ಟೆ ಗಂಟು ಕಟ್ಟಿಟ್ಟಿದ್ದೀಯಾ ಭಾವಮೈದ?" ಎಂದ. ಲಾರಿಯವರು, ಹಾಲಿನ ವ್ಯಾನಿನವರು ನಿಂತು ನೋಡುತ್ತಿದ್ದರು. ಒಬ್ಬ ಟವೆಲ್ ಬೀಸಿದ, ಹೊರಟೆವು.

ಎರಡನೇ ಗೇರಿನವರೆಗೆ ಅವನೇ ಮುಂದೆ. ಮೂರನೇ ಗೇರಿಗೆ ಹಾಕಿ, ಕೆಂಪು ಮುಚ್ಚಳ ಎತ್ತಿ, ಪೂರ್ತಿ ತುಳಿದೆ.

ಅದನ್ನು ಹೇಗೆ ಬರೆಯಲಿ! ತಲೆ ಸೀಟಿಗೆ ಬಡಿಯಿತು. ಒಂದು ತಡವರಿಕೆ ಇಲ್ಲ, ಒಂದು ಕೆಮ್ಮಿಲ್ಲ. ಗಾಡಿ ಕಿರುಚಿಕೊಂಡು ನುಗ್ಗಿತು. ಭಾವನ ಕಿಟಕಿಯ ಪಕ್ಕಕ್ಕೆ ಬಂದೆ, ಅವನ ಬಾಯಿ ತೆರೆದದ್ದು ಕಂಡಿತು, ದಾಟಿದೆ. ದಾಟಿದೆ! ನಾನೂ ಕಿರುಚುತ್ತಿದ್ದೆ. ಆಮೇಲೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕಟಕಟ ಸದ್ದು. ಕಾಲು ತೆಗೆಯಬೇಕೆಂದು ಗೊತ್ತು. ತೆಗೆಯಲಿಲ್ಲ. ಟೋಲ್ ಗೇಟ್ ಕಣ್ಣೆದುರೇ ಇತ್ತು.

ಡಮ್ ಎಂದಿತು. ಪಿಸ್ಟನ್ನಿನ ರಾಡ್ ಇಂಜಿನ್ನಿನ ಗೋಡೆಯನ್ನು ಒಡೆದುಕೊಂಡು ಹೊರಗೆ ಬಂತು. ಗಾಜಿನ ತುಂಬ ಕಪ್ಪು ಆಯಿಲ್. ಗಾಡಿ ಗಿರಗಿರ ಸುತ್ತಿ ತಡೆಗೋಡೆಗೆ ಬಡಿದು ನಿಂತಿತು. ಬಾನೆಟ್ಟಿನಡಿ ಬೆಂಕಿ. ಬಾಗಿಲು ಒದ್ದು ಹೊರಗೆ ಬಿದ್ದೆ. ಭಾವ ಸಲೀಸಾಗಿ ಟೋಲ್ ಗೇಟ್ ಮುಟ್ಟಿ ತಿರುಗಿ ಬಂದ. ಇಳಿದು, ಉರಿಯುವ ಗಾಡಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಸಂಜೆ ಬರ್ತೀನಿ. ಅಕ್ಕನ್ನ ರೆಡಿ ಇರೋಕೆ ಹೇಳು."

ಹೊರಗೆ ಬೀಳುವಾಗ ಸೀಟಿನಡಿಯ ವೀಲ್ ಸ್ಪ್ಯಾನರ್ ಹೇಗೆ ಕೈಗೆ ಬಂತೋ. ಮೊದಲ ಏಟು ಭುಜಕ್ಕೆ. ಕೂತುಬಿಟ್ಟ. ಎರಡನೆಯದು ಎಲ್ಲಿಗೋ ಗೊತ್ತಿಲ್ಲ. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, "ಬೇಡ, ಬೇಡಪ್ಪಾ," ಎಂದ. ಆ ಕೈಗಳ ಮೇಲೇ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸಿತು. ನಿಜ ಹೇಳಬೇಕೆಂದರೆ ಬಹಳ ದಿನಗಳ ಮೇಲೆ ಎದೆ ಹಗುರಾಯಿತು. ಲಾರಿಯವರು ಎಳೆದು ಹಾಕದಿದ್ದರೆ ಇನ್ನೂ ಹೊಡೆಯುತ್ತಿದ್ದೆ.

ಬೆಂಕಿ ಆರಿದ ಮೇಲೆ ಡಿಕ್ಕಿ ತೆರೆದೆ. ಬಾಟಲಿಯ ಮೂತಿ ಮುಂದಕ್ಕಿತ್ತು.

ಮನೆಗೆ ಬಂದೆ. ನನ್ನ ಅಂಗಿಯ ಮೇಲಿನ ರಕ್ತ ನೋಡಿ ಹೆಂಡತಿ ತಾನಾಗಿಯೇ ಹೇಳಿದಳು. "ನಾನೇ ತಿರುಗಿಸಿದ್ದು. ನಿನ್ನೆ ನೀವು ಮಲಗಿದ್ದಾಗ. ಅತ್ತಿಗೆ ಬಾಟ್ಲಿ ಹಿಡ್ಕೊಂಡ್ರು, ನಾನು ಬಿಚ್ಚಿದೆ. ಪೈಪಿಂದ ಏನೋ ಚಿಮ್ಮಿ ಕೈ ಸುಟ್ಟಿತು. ಗುರುತಿನ ಪ್ರಕಾರ ಇಟ್ರೆ ಸರಿ ಹೋಗತ್ತೆ ಅಂತ…"

"ಯಾರು ಹೇಳಿದ್ರು ನಿನಗೆ ಮುಟ್ಟೋಕೆ?"

"ನೀವು ಸೋತು ಮನೆಗೆ ಬಂದ್ರೆ ನಮ್ಮ ಗತಿ ಏನು ಅಂತ ಹೆದರಿಕೆ ಆಯ್ತು ರೀ."

ಬಾಟಲಿಯೊಳಗೆ ಇರುವುದು ದ್ರವ. ಅದನ್ನು ಹೀರುವ ಕೊಳವೆಯ ಬಾಯಿ ಇರುವುದು ಮೂತಿಗೆ ಎದುರಿನ ತುದಿಯಲ್ಲಿ, ಬಾಟಲಿಯ ತಳದ ಹತ್ತಿರ. ಮೂತಿ ಹಿಂದಕ್ಕಿದ್ದಾಗ, ಗಾಡಿ ನುಗ್ಗಿದ ಕೂಡಲೇ ದ್ರವ ಹಿಂದಕ್ಕೆ, ಕೊಳವೆಯ ಬಾಯಿಯಿಂದ ದೂರ ಸರಿದು ಬರೀ ಆವಿ ಬರುತ್ತಿತ್ತು. ಅದಕ್ಕೇ ಪೆಟ್ರೋಲ್ ಹೆಚ್ಚಾಗಿ ಕಂಡದ್ದು, ಅದಕ್ಕೇ ನಾನು ಕತ್ತರಿಸುತ್ತಾ ಹೋದದ್ದು. ಇವಳು ತಿರುಗಿಸಿದಳು, ನೈಟ್ರಸ್ ಪೂರ್ತಿ ಬಂತು, ಪೆಟ್ರೋಲ್ ಮಾತ್ರ ನಾನು ಬಿಟ್ಟಷ್ಟೇ. ಪಿಸ್ಟನ್ ಮೇಣದಂತೆ ಕರಗಿತು. ಇವಳು ಒಂದು ಮಾತು ಹೇಳಿದ್ದರೆ ಜೆಟ್ ಬದಲಾಯಿಸುತ್ತಿದ್ದೆ, ಗೆಲ್ಲುತ್ತಿದ್ದೆ. ಹೇಳುವುದಕ್ಕೇನು ಬಾಯಿರಲಿಲ್ಲವೇ?

ಕೈ ಎತ್ತಿದ್ದು ನೆನಪಿದೆ. ಇಳಿದದ್ದು ನೆನಪಿಲ್ಲ. ಅವಳು ಫ್ರಿಜ್ಜಿನ ಪಕ್ಕ ಬಿದ್ದಿದ್ದಳು. ಅಕ್ಕ ಅವಳ ಮೇಲೆ ಅಡ್ಡ ಬಿದ್ದು, "ಹೊಡಿ, ನನಗೂ ಹೊಡಿ. ನನಗೆ ಅಭ್ಯಾಸ ಇದೆ," ಎಂದಳು. ಅಂಥ ಮಾತಾಡಬಾರದಿತ್ತು ಅವಳು.

ಮಾರ್ಚ್ 31, ಸೋಮವಾರ

ಹೆಂಡತಿಯ ಎಡಕಿವಿ ಕೇಳಿಸುತ್ತಿಲ್ಲವಂತೆ. ನೆಗಡಿಗೂ ಹಾಗಾಗುತ್ತದೆ.

ಏಪ್ರಿಲ್ 2, ಬುಧವಾರ

ಗ್ಯಾರೇಜಿನಿಂದ ಬಂದಾಗ ಮನೆ ಖಾಲಿ. ಇಬ್ಬರ ಬಟ್ಟೆಗಳೂ ಇಲ್ಲ. ಒಲೆಯ ಮೇಲೆ ನನ್ನ ಪಾಲಿನ ಅನ್ನ ಮಾತ್ರ ಮುಚ್ಚಿಟ್ಟಿದ್ದರು. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದೆನೋ ಅವಳೇ ನನ್ನ ಸಂಸಾರ ಒಡೆದಳು.

ಭಾವ ಪೊಲೀಸರ ಹತ್ತಿರ ಹೋಗಿಲ್ಲ. ಹೋದರೆ ಅಕ್ಕನ ದವಡೆಯ ಎಕ್ಸ್‌ರೇ ಹೊರಗೆ ಬರುತ್ತದೆ. ಬಲಗೈಗೆ ಪ್ಲಾಸ್ಟರ್ ಅಂತೆ. ಇನ್ನು ಸದ್ಯಕ್ಕೆ ಯಾರ ಮೇಲೂ ಎತ್ತಲಾರ. ಆ ಲೆಕ್ಕದಲ್ಲಿ ನೋಡಿದರೆ ನಾನೇ ಗೆದ್ದದ್ದು.

ಏಪ್ರಿಲ್ 6, ಭಾನುವಾರ

ಎಲ್ಲಿದ್ದಾರೆ ಎಂದು ಪತ್ತೆ ಹಚ್ಚಿದೆ. ಔಷಧಿ ಅಂಗಡಿಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ. ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಜಗಳಕ್ಕಲ್ಲ. ಏನೋ ಸಿಟ್ಟಿನ ಭರದಲ್ಲಿ ಆಯಿತು, ಮನೆಗೆ ಬಾ ಎಂದು ಹೇಳುವುದಕ್ಕೆ.

ಅಕ್ಕ ಬಾಗಿಲು ಒಂದು ಗೇಣು ತೆರೆದಳು. ಒಳಗೆ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬೆವರಿದ್ದೆ, ಹಣೆ ಒರೆಸಿಕೊಳ್ಳಲು ಕೈ ಎತ್ತಿದೆ. ಅಕ್ಕ ತಟಕ್ಕನೆ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು! ನಾನು ಇವಳ ಮೇಲೆ ಒಂದು ದಿನವಾದರೂ ಕೈ ಮಾಡಿದ್ದೇನೆಯೇ? ಆ ಮನುಷ್ಯ ಇವಳನ್ನು ಎಂಥ ಸ್ಥಿತಿಗೆ ತಂದಿಟ್ಟಿದ್ದಾನೆ ಎಂದು ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು.

"ವಾಪಸ್ ಹೋಗಪ್ಪ," ಎಂದಳು. "ನಾವಿಬ್ರೂ ಇಲ್ಲೇ ಇರ್ತೀವಿ. ವಕೀಲರು ಇವಳ ಕಾಗದಾನೂ ಬರೀತಿದ್ದಾರೆ."

ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಸರಿದ ಸದ್ದಾಯಿತು. ಹೊಸ ಚಿಲಕ, ತೆರೆದಿದ್ದಾಗ ಗಮನಿಸಿದ್ದೆ. ಮೆತ್ತನೆಯ ಮರಕ್ಕೆ ಅರ್ಧ ಇಂಚಿನ ಸ್ಕ್ರೂ ಹಾಕಿ ಕೂರಿಸಿದ್ದಾರೆ, ಅದೂ ಎರಡೇ. ಕೆಲಸ ಗೊತ್ತಿಲ್ಲದವರು ಹಾಕಿದ್ದು. ಯಾವನಾದರೂ ಕೆಟ್ಟವನು ಬಂದು ಭುಜ ಕೊಟ್ಟರೆ ಕಿತ್ತು ಬರುತ್ತದೆ. ಹೆಂಗಸರಿಬ್ಬರೇ ಇರುವ ಕೋಣೆಗೆ ಇದು ಸಾಲದು.

ನಾಳೆ ಡ್ರಿಲ್ಲು, ಮರದ ಆಚೆಗೂ ತೂರಿ ಬರುವ ಉದ್ದನೆಯ ಬೋಲ್ಟು ತೆಗೆದುಕೊಂಡು ಹೋಗಿ ನಾನೇ ಭದ್ರ ಮಾಡಿಕೊಡುತ್ತೇನೆ. ಬಾಗಿಲು ತೆರೆಯಿರಿ ಎಂದು ಒಳ್ಳೆಯ ಮಾತಿನಲ್ಲೇ ಕೇಳುತ್ತೇನೆ. ತೆರೆಯದಿದ್ದರೆ ನಾನೇ ತೆರೆದುಕೊಳ್ಳುತ್ತೇನೆ.